ಅಳತೆ ಪುಸ್ತಕ

ಕೋಡಿಬಾಗದ ಅರ್ಧ ಊರಿನ ಎದೆಯ ಸುತ್ತಳತೆ
ನನ್ನ ಈ ನೂರು ಪುಟದ ನೋಟ್‌ಬುಕ್ಕಿನಲ್ಲಿದೆ.
ಬಾಣಂತಿಯರದ್ದು ಪೆನ್ಸಿಲಿನಲ್ಲಿ, ಇಳಿಯುತ್ತದೆಂದು.
ಮದುವಣಗಿತ್ತಿಯರದ್ದು ಕೆಂಪಿನಲ್ಲಿ, ಅವಸರವೆಂದು.
ಯಾರಿಗೆ ಎಡಕ್ಕಿಂತ ಬಲ ತುಸು ದೊಡ್ಡದು
ನನಗೆ ಗೊತ್ತು. ಯಾರಿಗೂ ಹೇಳಿಲ್ಲ.
ಅದು ಕಸುಬಿನ ಮಾನ.

ನನ್ನದೇ ಗೊತ್ತಾಗಲು ತಡವಾಯಿತು.
ಕೈಗೆ ಸಿಕ್ಕಿದ ಗಂಟು ದಾರದ ಗಂಟಿನ ಹಾಗೆ,
ಇಸ್ತ್ರಿ ಇಟ್ಟರೆ ಕೂರುತ್ತದೆ ಅಂದುಕೊಂಡೆ.
ಚೌತಿಯ ಹೊಲಿಗೆ ಮುಗಿಯಲಿ ಅಂದೆ,
ದೀಪಾವಳಿಯದ್ದೂ ಮುಗಿಯಲಿ ಅಂದೆ.

ರುಕ್ಮಾ ತಾಂಡೇಲಳನ್ನು ಕಂಡದ್ದು ರೈಲಿನಲ್ಲಿ,
ಉಡುಪಿಗೆ ಹೋಗುವ ಬೆಳಗಿನ ಬೋಗಿಯಲ್ಲಿ.
ಇಬ್ಬರ ತಲೆಗೂ ಸ್ಕಾರ್ಫು. ಇಬ್ಬರ ತೊಡೆಯ ಮೇಲೂ
ಆ ದೊಡ್ಡ ಆಸ್ಪತ್ರೆ ಕವರು, ಮಡಚಲು ಬರದ್ದು.
"ನಿಂದು ಯಾವ ಬದಿ?" ಅಂದಳು,
ಸೀಟು ಕೇಳಿದ ಹಾಗೆ.

ಮೀನು ಮಾರುವವಳು. ಇಪ್ಪತ್ತಾರು ವರ್ಷ
ಕಾರವಾರದ ಪೇಟೆಯಲ್ಲಿ ಅದೇ ಜಾಗ.
ಕೆಂಪು ಔಷಧಿ ಇಳಿದ ಮೇಲೆ
ಬಂಗಡೆಯ ವಾಸನೆಗೇ ವಾಂತಿ.
"ಗಂಡನ ವಾಸನೆಗೂ," ಅಂದು
ಕಿಟಕಿಯತ್ತ ತಿರುಗಿದವಳು
ಶರಾವತಿಯ ಸೇತುವೆ ಪೂರ್ತಿ ದಾಟುವವರೆಗೂ
ಈ ಕಡೆ ತಿರುಗಲಿಲ್ಲ.

ನಾನೂ ಒಂದು ಹೇಳಬೇಕಾಯಿತು.
ಬೆರಳ ತುದಿ ಸತ್ತಿದೆ ಅಂದೆ. ಸೂಜಿ ಚುಚ್ಚಿದ್ದು ತಿಳಿಯುವುದು
ಬಟ್ಟೆಯ ಮೇಲೆ ಚುಕ್ಕೆ ಕಂಡಾಗ.
ಟೀಚರೊಬ್ಬರ ಬಿಳಿ ಬ್ಲೌಸು ಹಾಳಾಯಿತು.
ದುಡ್ಡು ವಾಪಸು ಕೊಟ್ಟು, ಬಾಗಿಲೆಳೆದು,
ಮಷೀನಿನ ಮೇಲೆ ತಲೆಯಿಟ್ಟು ಅತ್ತೆ.
ಮೊಲೆ ಹೋದ ದಿನ ಅಳದವಳು.

ಧೈರ್ಯವಾಗಿರು ಅನ್ನುತ್ತಾರಲ್ಲ ಎಲ್ಲರೂ,
ಚಹಾ ಕುಡಿದು ಹೊರಡುವಾಗ, ಚಪ್ಪಲಿ ಮೆಟ್ಟುತ್ತ?
"ನಾ ಅಷ್ಟೊತ್ತಿಗೆ ಅವರ ಚಪ್ಪಲಿ ನೋಡ್ತೆ," ಅಂದಳು ರುಕ್ಮಾ,
"ಯಾವ ಪಟ್ಟಿ ಮೊದಲು ಹರೀತದೆ ಅಂತ."

ಮಾಘದಲ್ಲಿ ಅಂಗಡಿಗೆ ಬಂದಳು.
"ಒಂದು ಬದಿ ಹಗುರ. ಬುಟ್ಟಿ ಹೊತ್ರೆ ವಾಲ್ತೆ.
ತೂಕ ಹಾಕಿ ಹೊಲಿದು ಕೊಡು ಗೋ."
ಹತ್ತಿಬಟ್ಟೆಯ ಚೀಲಕ್ಕೆ ಸಾಸಿವೆ ತುಂಬಿ
ಅವಳದ್ದೇ ತಕ್ಕಡಿಯಲ್ಲಿ ಇಟ್ಟೆವು:
ಮುನ್ನೂರ ನಲವತ್ತು ಗ್ರಾಂ.
"ಇವತ್ತಿನ ದರಕ್ಕೆ ಎಷ್ಟಾಯ್ತು?" ಅಂದೆ.
ನಕ್ಕು ನಕ್ಕು, ಹೊಲಿಗೆ ಎಳೆಯುತ್ತದೆಂದು
ಇಬ್ಬರೂ ಎದೆ ಒತ್ತಿ ಹಿಡಿದೆವು,
ಇಲ್ಲದ್ದನ್ನು.

ಒಮ್ಮೆ ತೊಳೆದವಳು ಸರಿಯಾಗಿ ಒಣಗಿಸಲಿಲ್ಲ.
ಮೂರನೇ ದಿನ ಸಾಸಿವೆ ಮೊಳೆತು
ನೇಯ್ಗೆಯ ಸಂದಿನಲ್ಲಿ ಸಣ್ಣ ಹಸಿರು.
ಪಕ್ಕದ ಮನೆಯವರು ಶುಭ ಅಂದರು.
ನಮಗೆ ಹಾಗನ್ನಿಸಲಿಲ್ಲ. ನಾರುತ್ತಿತ್ತು.
ಬಿಚ್ಚಿ ಹಿತ್ತಿಲಿಗೆ ಸುರಿದೆ.

ಮಾರನೇ ದಿನ ಅವಳ ಗಂಡ ಬಂದ.
ಮಾತಿನವನಲ್ಲ; ಆಪರೇಷನ್ ಆದಾಗಿನಿಂದ
ಅವಳು ಸೀರೆ ಬದಲಿಸುವ ಹೊತ್ತಿಗೆ
ಬೀಡಿ ಹುಡುಕುತ್ತ ಅಂಗಳಕ್ಕೆ ಹೋಗುವವನು.
ಮಷೀನಿನ ಮೇಲೆ ಪೊಟ್ಟಣ ಇಟ್ಟ:
ಹಳೇ ಬಲೆಯ ಗುಂಡುಗಳು, ಸುಟ್ಟ ಮಣ್ಣಿನವು,
ಉಪ್ಪು ಹೋಗುವ ಹಾಗೆ ತೊಳೆದು ಒಣಗಿಸಿದ್ದು.
"ಇದು ಮೊಳೆಯೂದಿಲ್ಲ," ಅಂದ.
ತೂಗಿದೆ. ಮುನ್ನೂರ ನಲವತ್ತು.
ಯಾರು ಹೇಳಿದರು ಅವನಿಗೆ? ನಾನು ಕೇಳಲಿಲ್ಲ.

ನನ್ನ ಪುಟ ಮಾತ್ರ ಖಾಲಿಯೇ ಇತ್ತು.
ಊರನ್ನೆಲ್ಲ ಅಳೆದವಳನ್ನು ಅಳೆಯುವವರು ಯಾರು?
ರುಕ್ಮಾ ಟೇಪು ಕಿತ್ತುಕೊಂಡಳು.
ಕೈ ತಣ್ಣಗಿತ್ತು, ಐಸಿನ ತಂಪು, ಮೀನಿನ ವಾಸನೆ.
ಸೋಮವಾರದಿಂದ ಮತ್ತೆ ಕುಳಿತಿದ್ದಾಳೆ ಪೇಟೆಯಲ್ಲಿ,
ಮೂಗಿಗೆ ಕರ್ಪೂರದ ಬಟ್ಟೆ ಕಟ್ಟಿಕೊಂಡು.
ಗಾಯದ ಮೇಲೆ ಟೇಪು ಹಾಯುವಾಗ
ನಾನು ಗೋಡೆಯ ಕ್ಯಾಲೆಂಡರು ನೋಡಿದೆ.
ಅವಳು ನೋಡಿದ್ದು ಅಂಕಿಯನ್ನಷ್ಟೇ.

"ಮೂವತ್ತೆರಡೂವರೆ," ಅಂದಳು.
ಮತ್ತೆ ತುಸು ಯೋಚಿಸಿ,
ಗಿರಾಕಿಗೆ ಹೇಳುವ ದನಿಯಲ್ಲಿ:
"ಮೂವತ್ಮೂರು ಅಂತ ಬರ್ಕೊ.
ಅರ್ಧ ಕೊಸರು."